ಆನ್‌ಲೈನ್ ಬೋಧನೆ: ಬೋಧಕರ ಉಪಸ್ಥಿತಿ ಮತ್ತು ವಿದ್ಯಾರ್ಥಿಗಳೊಂದಿಗೆ ನಿರಂತರ ಸಂಪರ್ಕ

ಸಾರ್ವಜನಿಕ ಮಾಹಿತಿ: ಆನ್‌ಲೈನ್ ಕೋರ್ಸುಗಳಿಗೆ ನೋಂದಾಯಿಸಿಕೊಳ್ಳುವ ವಿದ್ಯಾರ್ಥಿಗಳು, ಪೋಷಕರು ಹಾಗೂ ಬೋಧಕರ ಉಪಯೋಗಕ್ಕಾಗಿ

1. ಪೀಠಿಕೆ

ಅಂತರ್ಜಾಲದ ಮೂಲಕ ನಡೆಯುವ ಕೋರ್ಸಿಗೆ ಹೆಸರು ನೋಂದಾಯಿಸುವ ಅಭ್ಯರ್ಥಿಗಳು ಶುಲ್ಕ, ಅವಧಿ, ಪರೀಕ್ಷಾ ಕೇಂದ್ರ ಮತ್ತು ಪ್ರಮಾಣಪತ್ರದ ಮಾನ್ಯತೆಯ ಬಗ್ಗೆ ವಿಚಾರಿಸುವುದು ವಾಡಿಕೆ. ಬೋಧಕರು ಯಾವಾಗ ಲಭ್ಯರಿರುತ್ತಾರೆ, ಸಂದೇಹ ಕೇಳಿದಲ್ಲಿ ಎಷ್ಟು ದಿನಗಳೊಳಗೆ ಉತ್ತರ ದೊರೆಯುತ್ತದೆ, ಬರೆದು ಕಳುಹಿಸಿದ ಉತ್ತರವನ್ನು ಯಾರಾದರೂ ಓದುತ್ತಾರೆಯೇ ಎಂಬುದನ್ನು ವಿಚಾರಿಸುವವರು ವಿರಳ. ಆದರೆ ಕೋರ್ಸು ಪೂರ್ಣಗೊಳ್ಳುವುದಾಗಲಿ, ಅರ್ಧಕ್ಕೆ ನಿಲ್ಲುವುದಾಗಲಿ ಬಹುಮಟ್ಟಿಗೆ ಈ ಅಂಶಗಳನ್ನೇ ಅವಲಂಬಿಸಿರುತ್ತದೆ.

ತರಗತಿಯ ಕೊಠಡಿಯಲ್ಲಿ ಹಾಜರಾತಿ ಕರೆಯುವಾಗ ಉತ್ತರ ಬಾರದಿದ್ದರೆ ಬೋಧಕರ ಗಮನಕ್ಕೆ ಬರುತ್ತದೆ. ಪಾಠ ಅರ್ಥವಾಗದ ವಿದ್ಯಾರ್ಥಿಯ ಮುಖವೇ ಅದನ್ನು ತಿಳಿಸುತ್ತದೆ. ಆನ್‌ಲೈನ್ ತರಗತಿಯಲ್ಲಿ ಈ ಎರಡೂ ಸೂಚನೆಗಳು ದೊರೆಯುವುದಿಲ್ಲ. ವಿದ್ಯಾರ್ಥಿಯು ಮೌನವಾಗಿ ಹಿಂದೆ ಸರಿದಾಗ ಪರದೆಯ ಮೇಲೆ ಯಾವ ಬದಲಾವಣೆಯೂ ಕಾಣುವುದಿಲ್ಲ; ಪಟ್ಟಿಯಲ್ಲಿ ಹೆಸರು ಹಾಗೆಯೇ ಉಳಿದಿರುತ್ತದೆ. ಆದುದರಿಂದ ತರಗತಿಯಲ್ಲಿ ತಾನಾಗಿಯೇ ಒದಗುವ ಸಂಪರ್ಕವನ್ನು ಆನ್‌ಲೈನ್ ಬೋಧನೆಯಲ್ಲಿ ಯೋಜನಾಬದ್ಧವಾಗಿ ಏರ್ಪಡಿಸಬೇಕಾಗುತ್ತದೆ. ಅದರ ಸ್ವರೂಪ, ನಿಯಮಗಳ ಚೌಕಟ್ಟು ಮತ್ತು ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ದೂರದಲ್ಲಿರುವ ವಿದ್ಯಾರ್ಥಿಗೆ ಬೋಧಿಸುವ ಪದ್ಧತಿಯು ಕರ್ನಾಟಕಕ್ಕೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು. ರಾಷ್ಟ್ರಮಟ್ಟದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1985ರಲ್ಲಿ ಸ್ಥಾಪಿತವಾಗಿತ್ತು. ಅಂಚೆಯ ಮೂಲಕ ಪಾಠಗಳನ್ನು ಪಡೆಯುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗೂ ಬೋಧಕರಿಗೂ ಇದ್ದ ಮುಖ್ಯ ಕೊಂಡಿಗಳು ಎರಡು: ಸಂಪರ್ಕ ತರಗತಿ, ಮತ್ತು ಉತ್ತರ ಪತ್ರಿಕೆಯ ಅಂಚಿನಲ್ಲಿ ಬೋಧಕರು ಬರೆಯುತ್ತಿದ್ದ ಟಿಪ್ಪಣಿ. ವಿದ್ಯಾರ್ಥಿಯ ತಪ್ಪನ್ನು ಗುರುತಿಸಿ, ಅದು ಏಕೆ ತಪ್ಪು ಎಂದು ತಿಳಿಸುವ ಎರಡು ಸಾಲುಗಳೇ ಅಂದಿನ ಬೋಧಕರ ಉಪಸ್ಥಿತಿಯಾಗಿದ್ದವು.

2004ರ ಸೆಪ್ಟೆಂಬರ್ 20ರಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಉಡಾಯಿಸಿತು. ಇದರ ಪ್ರಾಯೋಗಿಕ ಯೋಜನೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. ದೂರದ ಕಾಲೇಜಿನ ವಿದ್ಯಾರ್ಥಿಗಳು ಉಪನ್ಯಾಸವನ್ನು ನೋಡುವುದಷ್ಟೇ ಅಲ್ಲದೆ ಮರುಪ್ರಶ್ನೆ ಕೇಳಲೂ ಅವಕಾಶವಿರಬೇಕೆಂಬುದು ಇಂತಹ ವ್ಯವಸ್ಥೆಯ ಆಶಯವಾಗಿತ್ತು. ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಹಾಗೂ 2017ರ ಜುಲೈನಲ್ಲಿ ಕೇಂದ್ರ ಸರ್ಕಾರವು ಲೋಕಾರ್ಪಣೆ ಮಾಡಿದ ಸ್ವಯಂ ವೇದಿಕೆಯು ಈ ಸೌಲಭ್ಯವನ್ನು ಮನೆಯ ಗಣಕಯಂತ್ರ ಮತ್ತು ಮೊಬೈಲ್ ಫೋನಿಗೆ ತಲುಪಿಸಿದವು.

2020ರ ಮಾರ್ಚ್‌ನಲ್ಲಿ ಕೋವಿಡ್-19 ಕಾರಣದಿಂದ ಶಾಲಾ ಕಾಲೇಜುಗಳು ಮುಚ್ಚಿದಾಗ, ಪೂರ್ವಸಿದ್ಧತೆಯಿಲ್ಲದೆ ಬೋಧನೆಯು ಪರದೆಗೆ ವರ್ಗಾವಣೆಗೊಂಡಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಡಿ ಶಿಕ್ಷಕರು ಊರಿನ ಜಗಲಿ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳ ಸಣ್ಣ ಗುಂಪುಗಳನ್ನು ಭೇಟಿ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಇದನ್ನು ಸ್ಥಗಿತಗೊಳಿಸಿ, 2021ರ ಜನವರಿಯಲ್ಲಿ ಮರು ಆರಂಭಿಸಲಾಯಿತು. ಪಾಠವನ್ನು ಪ್ರಸಾರ ಮಾಡುವುದು ಬೇರೆ, ವಿದ್ಯಾರ್ಥಿಯೊಂದಿಗೆ ಸಂಪರ್ಕದಲ್ಲಿರುವುದು ಬೇರೆ ಎಂಬ ಅಂಶವು ಈ ಅವಧಿಯಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

3. ಉಪಸ್ಥಿತಿ ಎಂದರೇನು?

ಬೋಧಕರ ಉಪಸ್ಥಿತಿ ಎಂದರೆ ಅವರು ಸದಾಕಾಲ ಪರದೆಯ ಮೇಲೆ ಕಾಣಿಸಿಕೊಳ್ಳುವುದು ಎಂದರ್ಥವಲ್ಲ. ತನ್ನ ಕಲಿಕೆಯನ್ನು ಗಮನಿಸುವ ಒಬ್ಬ ವ್ಯಕ್ತಿ ಇದ್ದಾರೆ ಎಂಬ ಭರವಸೆ ವಿದ್ಯಾರ್ಥಿಯಲ್ಲಿ ಇರುವುದೇ ಉಪಸ್ಥಿತಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಜಿಜ್ಞಾಸಾ ಸಮುದಾಯದ ಮಾದರಿಯು ಆನ್‌ಲೈನ್ ಕಲಿಕೆಗೆ ಅಗತ್ಯವಾದ ಮೂರು ಉಪಸ್ಥಿತಿಗಳನ್ನು ಗುರುತಿಸುತ್ತದೆ:

(ಅ) ಬೋಧನಾ ಉಪಸ್ಥಿತಿ: ಕೋರ್ಸಿನ ವಿನ್ಯಾಸ, ಚರ್ಚೆಯ ನಿರ್ವಹಣೆ ಮತ್ತು ನೇರ ಮಾರ್ಗದರ್ಶನ.
(ಆ) ಸಾಮಾಜಿಕ ಉಪಸ್ಥಿತಿ: ಪಾಲ್ಗೊಂಡವರು ಪರಸ್ಪರರನ್ನು ನಿಜವಾದ ವ್ಯಕ್ತಿಗಳೆಂದು ಅರಿತು ಸಂಕೋಚವಿಲ್ಲದೆ ಮಾತನಾಡುವ ಸ್ಥಿತಿ.
(ಇ) ಬೌದ್ಧಿಕ ಉಪಸ್ಥಿತಿ: ಪ್ರಶ್ನೆಯಿಂದ ಹೊರಟು ಪರಿಶೀಲನೆಯ ಮೂಲಕ ಅರಿವಿಗೆ ತಲುಪುವ ಕ್ರಿಯೆ.

ಅಮೆರಿಕದ ದೂರಶಿಕ್ಷಣ ತಜ್ಞ ಮೈಕೆಲ್ ಮೂರ್ ಅವರ ಸಿದ್ಧಾಂತದ ಪ್ರಕಾರ ದೂರಶಿಕ್ಷಣದಲ್ಲಿನ ನಿಜವಾದ ದೂರವು ಊರುಗಳ ನಡುವಿನದಲ್ಲ. ಬೋಧಕ ಮತ್ತು ವಿದ್ಯಾರ್ಥಿಯ ತಿಳಿವಳಿಕೆಗಳ ನಡುವಿನದು. ಸಂವಾದ ಹೆಚ್ಚಿದಂತೆ ಈ ದೂರ ಕಡಿಮೆಯಾಗುತ್ತದೆ. ನೂರು ಮಂದಿ ಕುಳಿತ ಸಭಾಂಗಣದಲ್ಲಿಯೂ ಈ ದೂರ ಹೆಚ್ಚಾಗಿರಬಹುದು. ನೂರಾರು ಕಿಲೋಮೀಟರ್ ಆಚೆಯಿಂದ ಬಂದ ಒಂದು ಪತ್ರದಲ್ಲಿ ಕಡಿಮೆ ಇರಬಹುದು.

4. ನಿಯಮಗಳ ಚೌಕಟ್ಟು

ವಿಶ್ವವಿದ್ಯಾಲಯ ಅನುದಾನ ಆಯೋಗವು 2020ರಲ್ಲಿ ಮುಕ್ತ ಹಾಗೂ ದೂರಶಿಕ್ಷಣ ಮತ್ತು ಆನ್‌ಲೈನ್ ಕಾರ್ಯಕ್ರಮಗಳ ವಿನಿಯಮಗಳನ್ನು ಹೊರಡಿಸಿದೆ. ಆನ್‌ಲೈನ್ ಕೋರ್ಸುಗಳಿಗೆ ಅನ್ವಯವಾಗುವ ನಾಲ್ಕು ಚತುರ್ಥಾಂಶಗಳ ಪದ್ಧತಿಯ ಅನುಸಾರ ಪ್ರತಿ ಕೋರ್ಸಿನಲ್ಲಿ ದೃಶ್ಯ-ಶ್ರವ್ಯ ಪಾಠ, ಓದುವ ಸಾಮಗ್ರಿ, ಸಂದೇಹ ನಿವಾರಣೆಗಾಗಿ ಚರ್ಚಾ ವೇದಿಕೆ ಮತ್ತು ಮೌಲ್ಯಮಾಪನ ಇರತಕ್ಕದ್ದು. ಮೊದಲ ಎರಡನ್ನು ಒಮ್ಮೆ ಸಿದ್ಧಪಡಿಸಿದರೆ ಹಲವು ವರ್ಷ ಬಳಸಬಹುದು. ಕೊನೆಯ ಎರಡಕ್ಕೆ ಪ್ರತಿ ಬಾರಿಯೂ ಬೋಧಕರ ಸಮಯ ಬೇಕು. ಕೋರ್ಸುಗಳು ಸೊರಗುವುದು ಸಾಮಾನ್ಯವಾಗಿ ಇಲ್ಲಿಯೇ.

ಶಾಲಾ ಮಕ್ಕಳಿಗೆ ಸಂಬಂಧಿಸಿದಂತೆ ಕೇಂದ್ರ ಸರ್ಕಾರವು 2020ರ ಜುಲೈನಲ್ಲಿ ಪ್ರಜ್ಞಾತಾ ಮಾರ್ಗಸೂಚಿಯನ್ನು ಪ್ರಕಟಿಸಿತು. ಯೋಜನೆ, ಪರಿಶೀಲನೆ, ವ್ಯವಸ್ಥೆ, ಮಾರ್ಗದರ್ಶನ, ಮಾತುಕತೆ, ಕೆಲಸ ನೀಡಿಕೆ, ಪ್ರಗತಿಯ ಗಮನಿಕೆ ಮತ್ತು ಮೆಚ್ಚುಗೆ ಎಂಬ ಎಂಟು ಹಂತಗಳನ್ನು ಅದರಲ್ಲಿ ಸೂಚಿಸಲಾಗಿತ್ತು. 1ರಿಂದ 8ನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡಕ್ಕಿಂತ ಹೆಚ್ಚು ಅವಧಿಗಳು, 9ರಿಂದ 12ನೆಯ ತರಗತಿಯವರೆಗೆ ನಾಲ್ಕಕ್ಕಿಂತ ಹೆಚ್ಚು ಅವಧಿಗಳು ಇರಬಾರದೆಂದು ಅದು ಶಿಫಾರಸು ಮಾಡಿತು. ಪರದೆಯ ಮುಂದೆ ಹೆಚ್ಚು ಹೊತ್ತು ಕೂರಿಸುವುದರಿಂದ ಸಂಪರ್ಕ ಹೆಚ್ಚುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿದ್ಯಾರ್ಥಿಗಳು ಸರ್ಕಾರಿ ನೆರವು ಪಡೆಯುವ ದೂರಶಿಕ್ಷಣ ಕೋರ್ಸುಗಳಲ್ಲಿ ಬೋಧಕರೊಂದಿಗೆ ನಿಯತವೂ ಅರ್ಥಪೂರ್ಣವೂ ಆದ ಸಂವಹನ ಇರಲೇಬೇಕು. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮವು ಇದನ್ನು ವಿವರಿಸಿದೆ. ನೇರ ಬೋಧನೆ, ಬರಹಗಳ ಮೌಲ್ಯಮಾಪನ ಮತ್ತು ಹಿಮ್ಮಾಹಿತಿ, ಪ್ರಶ್ನೆಗಳಿಗೆ ಉತ್ತರ, ಗುಂಪು ಚರ್ಚೆಯ ನಿರ್ವಹಣೆ ಮುಂತಾದವುಗಳಲ್ಲಿ ಕನಿಷ್ಠ ಎರಡು ಇರಬೇಕು. ಅವು ಮೊದಲೇ ಗೊತ್ತುಪಡಿಸಿದ ವೇಳೆಯಲ್ಲಿ ನಡೆಯಬೇಕು. ಹಿಂದುಳಿದ ವಿದ್ಯಾರ್ಥಿಯನ್ನು ಬೋಧಕರೇ ಮುಂದಾಗಿ ಸಂಪರ್ಕಿಸಬೇಕು. ಈ ಕೊನೆಯ ಅಂಶವು ಎಲ್ಲ ದೇಶಗಳ ಬೋಧಕರಿಗೂ ಮಾದರಿಯಾಗಬಲ್ಲದು.

5. ಬೋಧಕರು ಅನುಸರಿಸಬಹುದಾದ ಕ್ರಮಗಳು

5.1 ಕೋರ್ಸಿನ ಆರಂಭಕ್ಕೆ ಮುನ್ನ

ಕೋರ್ಸು ಪ್ರಾರಂಭವಾಗುವ ಒಂದು ವಾರ ಮೊದಲು ಪರಿಚಯ ಸಂದೇಶವನ್ನು ಕಳುಹಿಸುವುದು ಸೂಕ್ತ. ಬೋಧಕರ ಹೆಸರು, ಕರೆ ಅಥವಾ ಸಂದೇಶಕ್ಕೆ ಲಭ್ಯವಿರುವ ವೇಳೆ, ಉತ್ತರ ನೀಡುವ ಗರಿಷ್ಠ ಅವಧಿ, ಪ್ರತಿ ವಾರ ಮಾಡಬೇಕಾದ ಕೆಲಸ ಮತ್ತು ಸಲ್ಲಿಕೆಯ ಕೊನೆಯ ದಿನಾಂಕ ಅದರಲ್ಲಿರಬೇಕು. ಎರಡು ಮೂರು ನಿಮಿಷಗಳ ಧ್ವನಿಮುದ್ರಿತ ಪರಿಚಯವಿದ್ದರೆ ಉತ್ತಮ. ಅದು ಅಚ್ಚುಕಟ್ಟಾದ ಚಿತ್ರೀಕರಣವಾಗಿರಬೇಕೆಂದಿಲ್ಲ. ದನಿ ಸ್ಪಷ್ಟವಾಗಿದ್ದರೆ ಸಾಕು.

5.2 ಮೊದಲ ವಾರ

ಮೊದಲ ವಾರದಲ್ಲಿಯೇ ಒಂದು ಸಣ್ಣ ಕೆಲಸವನ್ನು ನೀಡಿ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಉತ್ತರಿಸುವುದು ಮುಖ್ಯ. ಯಾವ ಊರು, ಈ ವಿಷಯವನ್ನು ಏಕೆ ಆಯ್ದುಕೊಂಡರು, ಫೋನು ಸ್ವಂತದ್ದೋ ಮನೆಯವರೊಂದಿಗೆ ಹಂಚಿಕೊಂಡದ್ದೋ, ಅಧ್ಯಯನಕ್ಕೆ ಯಾವ ವೇಳೆ ದೊರೆಯುತ್ತದೆ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಈ ಉತ್ತರಗಳನ್ನು ಸಾರ್ವಜನಿಕ ಗುಂಪಿನಲ್ಲಿ ಕೇಳದೆ ಬೋಧಕರಿಗೆ ಮಾತ್ರ ಕಾಣುವಂತೆ ಪಡೆಯಬೇಕು. ತಂದೆ ಹೊಲದಿಂದ ಮರಳಿದ ನಂತರ ಮಾತ್ರ ಫೋನು ಕೈಗೆ ಸಿಗುವ ವಿದ್ಯಾರ್ಥಿನಿಗೆ ಬೆಳಿಗ್ಗೆ 10 ಗಂಟೆಯ ನೇರ ತರಗತಿಯಿಂದ ಪ್ರಯೋಜನವಿಲ್ಲ. ಇದು ಮೊದಲ ವಾರದಲ್ಲಿ ತಿಳಿದರೆ ಪರ್ಯಾಯ ಸಾಧ್ಯ. ಪರೀಕ್ಷೆಯ ವೇಳೆಗೆ ತಿಳಿದರೆ ವಿದ್ಯಾರ್ಥಿನಿಯು ಕೋರ್ಸನ್ನು ಬಿಟ್ಟಾಗಿರುತ್ತದೆ.

5.3 ವಾರದ ಕ್ರಮ

ನಿಗದಿತ ದಿನದಂದು ಬರುವ ಸಂದೇಶವು ವಿದ್ಯಾರ್ಥಿಗೆ ಗಂಟೆಯ ಸದ್ದಿನಂತೆ. ಉದಾಹರಣೆಗೆ, ಸೋಮವಾರ ಆ ವಾರದ ಪಾಠದ ಪರಿಚಯ, ಬುಧವಾರ ಸಂದೇಹಗಳಿಗೆ ಉತ್ತರ, ಶನಿವಾರ ವಾರದ ಸಾರಾಂಶ ಎಂದು ಗೊತ್ತುಪಡಿಸಿಕೊಳ್ಳಬಹುದು. ಸಾರಾಂಶದಲ್ಲಿ ವಿದ್ಯಾರ್ಥಿಗಳು ಕೇಳಿದ ಒಳ್ಳೆಯ ಪ್ರಶ್ನೆಗಳನ್ನು ಉಲ್ಲೇಖಿಸಿದರೆ, ತಾವು ಬರೆದದ್ದನ್ನು ಬೋಧಕರು ಓದಿದ್ದಾರೆ ಎಂಬುದು ಅವರಿಗೆ ಖಚಿತವಾಗುತ್ತದೆ. ದಿನಕ್ಕೆ ಹತ್ತು ಸಂದೇಶ ಕಳುಹಿಸಿ ನಂತರ ಹದಿನೈದು ದಿನ ಸುಮ್ಮನಿರುವುದಕ್ಕಿಂತ ವಾರಕ್ಕೆ ಮೂರು ಸಂದೇಶಗಳನ್ನು ತಪ್ಪದೆ ಕಳುಹಿಸುವುದು ಮೇಲು.

5.4 ಹಿಮ್ಮಾಹಿತಿ

ಅಮೆರಿಕದ ಶಿಕ್ಷಣ ತಜ್ಞರಾದ ಚಿಕರಿಂಗ್ ಮತ್ತು ಗ್ಯಾಮ್ಸನ್ ಅವರು 1987ರಲ್ಲಿ ಪದವಿ ಶಿಕ್ಷಣಕ್ಕಾಗಿ ರೂಪಿಸಿದ ಏಳು ಸೂತ್ರಗಳಲ್ಲಿ ಶೀಘ್ರ ಹಿಮ್ಮಾಹಿತಿಯೂ ಒಂದು. ನಿಯೋಜಿತ ಕಾರ್ಯವನ್ನು, ಅಂದರೆ ಅಸೈನ್‌ಮೆಂಟನ್ನು ಸಲ್ಲಿಸಿದ ಒಂದು ವಾರದೊಳಗೆ ಉತ್ತರ ದೊರೆತರೆ ವಿದ್ಯಾರ್ಥಿಗೆ ತಾನು ಬರೆದದ್ದು ನೆನಪಿನಲ್ಲಿರುತ್ತದೆ. ಕೋರ್ಸು ಮುಗಿದ ಮೇಲೆ ದೊರೆಯುವ ಅಂಕಗಳಿಂದ ಕಲಿಕೆ ಆಗುವುದಿಲ್ಲ.

ಹಿಮ್ಮಾಹಿತಿಯು ನಿರ್ದಿಷ್ಟವಾಗಿರಬೇಕು. “ಚೆನ್ನಾಗಿದೆ” ಅಥವಾ “ಇನ್ನೂ ಪ್ರಯತ್ನಿಸಿ” ಎಂಬ ಮಾತುಗಳಿಂದ ವಿದ್ಯಾರ್ಥಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. “ಎರಡನೆಯ ಹಂತದವರೆಗೆ ಲೆಕ್ಕ ಸರಿಯಾಗಿದೆ. ಮೂರನೆಯ ಹಂತದಲ್ಲಿ ಋಣ ಚಿಹ್ನೆ ಬಿಟ್ಟುಹೋಗಿದೆ. ಅಲ್ಲಿಂದ ಮತ್ತೊಮ್ಮೆ ಬಿಡಿಸಿ ಕಳುಹಿಸಿರಿ” ಎಂಬುದು ಉಪಯುಕ್ತ ಹಿಮ್ಮಾಹಿತಿ. ಹೆಚ್ಚಿನ ಪತ್ರಿಕೆಗಳಿದ್ದಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶವನ್ನೂ ಬಳಸಬಹುದು.

5.5 ನೇರ ತರಗತಿ

ನೇರ ತರಗತಿಯ ಸಮಯವನ್ನು ಉಪನ್ಯಾಸ ಓದಲು ವ್ಯಯಿಸಬಾರದು. ಅದಕ್ಕೆ ಮುದ್ರಿತ ಪಾಠವಿದೆ. ಪ್ರತಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳುವುದು, ಒಂದು ಸಮಸ್ಯೆಯನ್ನು ಎಲ್ಲರೂ ಬಿಡಿಸಲು ಸಮಯ ನೀಡುವುದು ಮತ್ತು ಉತ್ತರಕ್ಕಾಗಿ ಕಾಯುವುದು ಅವಶ್ಯಕ. “ಎಲ್ಲರಿಗೂ ಅರ್ಥವಾಯಿತೇ?” ಎಂಬ ಪ್ರಶ್ನೆಗೆ ಮೌನವೇ ಉತ್ತರವಾಗಿರುತ್ತದೆ. ಅದನ್ನು ಒಪ್ಪಿಗೆ ಎಂದು ಭಾವಿಸಬಾರದು. ಕ್ಯಾಮೆರಾ ಕಡ್ಡಾಯಗೊಳಿಸುವ ಮುನ್ನ ವಿದ್ಯಾರ್ಥಿಯ ಮನೆಯ ಸ್ಥಿತಿ, ಖಾಸಗಿತನ ಮತ್ತು ಡೇಟಾ ವೆಚ್ಚವನ್ನು ಪರಿಗಣಿಸಬೇಕು. ಮುಖ ಕಾಣಿಸದ ವಿದ್ಯಾರ್ಥಿಯೂ ಬರಹದ ಮೂಲಕ ಪಾಲ್ಗೊಳ್ಳಬಲ್ಲರು.

5.6 ಚರ್ಚೆಯ ನಿರ್ವಹಣೆ

ಒಂದೇ ಉತ್ತರವಿರುವ ಪ್ರಶ್ನೆಯಿಂದ ಚರ್ಚೆ ಬೆಳೆಯುವುದಿಲ್ಲ. ಮೊದಲ ವಿದ್ಯಾರ್ಥಿ ಉತ್ತರಿಸಿದೊಡನೆ ಅದು ಮುಗಿಯುತ್ತದೆ. ವಿದ್ಯಾರ್ಥಿಗಳ ಸ್ವಂತ ಊರು ಅಥವಾ ವೃತ್ತಿಗೆ ಸಂಬಂಧಿಸಿದ ಪ್ರಶ್ನೆಗಳು ಫಲಕಾರಿ. ಅರ್ಥಶಾಸ್ತ್ರದ ಬೋಧಕರು ಬೆಲೆ ನಿರ್ಧಾರವನ್ನು ಬೋಧಿಸುವಾಗ, ಆಯಾ ಊರಿನ ಸಂತೆಯಲ್ಲಿ ಟೊಮೆಟೊ ಬೆಲೆಯನ್ನು ವಿಚಾರಿಸಿ ಬರೆಯಲು ಹೇಳಬಹುದು. ಪ್ರತಿ ಬರಹಕ್ಕೂ ಬೋಧಕರೇ ಉತ್ತರಿಸಿದರೆ ವಿದ್ಯಾರ್ಥಿಗಳು ಪರಸ್ಪರ ಮಾತನಾಡುವುದನ್ನು ನಿಲ್ಲಿಸುತ್ತಾರೆ. ಯಾವುದಕ್ಕೂ ಉತ್ತರಿಸದಿದ್ದರೆ ಬರೆಯುವುದನ್ನೇ ನಿಲ್ಲಿಸುತ್ತಾರೆ. ಮಧ್ಯಮ ಮಾರ್ಗವೇ ಯುಕ್ತ.

5.7 ಮೌನವಾಗಿರುವ ವಿದ್ಯಾರ್ಥಿಗಳು

ಇದು ಅತಿ ಮುಖ್ಯವಾದ ಕ್ರಮ. ಕಲಿಕಾ ನಿರ್ವಹಣಾ ತಂತ್ರಾಂಶದಲ್ಲಿ ಯಾರು ಯಾವಾಗ ಪ್ರವೇಶಿಸಿದರು, ಯಾವ ಕೆಲಸ ಸಲ್ಲಿಸಿಲ್ಲ ಎಂಬ ವಿವರ ಸಾಮಾನ್ಯವಾಗಿ ಲಭ್ಯವಿರುತ್ತದೆ. ವಾರಕ್ಕೊಮ್ಮೆ ಈ ಪಟ್ಟಿಯನ್ನು ಪರಿಶೀಲಿಸಿ, ಎರಡು ವಾರಗಳಿಂದ ಕಾಣದವರಿಗೆ ವೈಯಕ್ತಿಕ ಸಂದೇಶ ಕಳುಹಿಸಬೇಕು. ಎಚ್ಚರಿಕೆಯ ನೋಟಿಸಿನ ಧಾಟಿ ಬೇಡ. “ಕಳೆದ ಎರಡು ವಾರಗಳ ಕೆಲಸ ತಲುಪಿಲ್ಲ. ತೊಂದರೆ ಇದ್ದರೆ ತಿಳಿಸಿರಿ. ನಾಲ್ಕನೆಯ ಪಾಠವನ್ನು ಆಮೇಲೆ ನೋಡಬಹುದು, ಸದ್ಯಕ್ಕೆ ಐದನೆಯದರಿಂದ ಮುಂದುವರಿಯಿರಿ” ಎಂಬ ಮೂರು ವಾಕ್ಯಗಳು ಸಾಕು. ಹಿಂದುಳಿದ ವಿದ್ಯಾರ್ಥಿಗೆ ಬಾಕಿ ಉಳಿದ ಕೆಲಸಕ್ಕಿಂತ, ಇನ್ನು ಮುಖ ತೋರಿಸುವುದು ಹೇಗೆ ಎಂಬ ಸಂಕೋಚವೇ ದೊಡ್ಡ ಅಡ್ಡಿಯಾಗಿರುತ್ತದೆ. ಮರಳಿ ಬರಲು ಒಂದು ದಾರಿ ಇದೆ ಎಂದು ತೋರಿಸುವುದು ಬೋಧಕರ ಕರ್ತವ್ಯ. ಸಂದೇಶಕ್ಕೆ ಉತ್ತರ ಬಾರದಿದ್ದಲ್ಲಿ ಒಂದು ದೂರವಾಣಿ ಕರೆ ಮಾಡುವುದು ಸೂಕ್ತ.

6. ಸಂಪರ್ಕ ದುರ್ಬಲವಿರುವ ಪ್ರದೇಶಗಳು ಮತ್ತು ವಿಶೇಷ ಅಗತ್ಯಗಳು

ಮಲೆನಾಡಿನ ಒಂಟಿಮನೆಗಳು ಹಾಗೂ ಗುಡ್ಡಗಾಡಿನ ಹಾಡಿಗಳಲ್ಲಿ ವಿದ್ಯುತ್ ಮತ್ತು ಮೊಬೈಲ್ ಸಂಕೇತ ಎರಡೂ ಕೈಕೊಡುವುದುಂಟು. ಇಂತಹ ವಿದ್ಯಾರ್ಥಿಗಳಿಗಾಗಿ ಪಾಠದ ಧ್ವನಿ ಮಾತ್ರದ ಪ್ರತಿ, ಕಡಿಮೆ ಗಾತ್ರದ ಪಿಡಿಎಫ್ ಕಡತ ಮತ್ತು ನೇರ ತರಗತಿಯ ಲಿಖಿತ ಸಾರಾಂಶವನ್ನು ಒದಗಿಸಬೇಕು. ವಿದ್ಯುತ್ ಕಡಿತದಿಂದ ಸಲ್ಲಿಕೆ ತಡವಾದಲ್ಲಿ ರಿಯಾಯಿತಿ ಅವಧಿಯನ್ನು ಮೊದಲೇ ಘೋಷಿಸಿದ್ದರೆ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಬೇಡಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಶ್ರವಣದೋಷವುಳ್ಳವರಿಗೆ ಅಡಿಬರಹ, ದೃಷ್ಟಿದೋಷವುಳ್ಳವರಿಗೆ ಪರದೆ ಓದುವ ತಂತ್ರಾಂಶಕ್ಕೆ ಹೊಂದುವ ಪಠ್ಯ ಅಗತ್ಯ. ಪುಟಗಳ ಛಾಯಾಚಿತ್ರ ತೆಗೆದು ಕಳುಹಿಸಿದರೆ ಅಂತಹ ತಂತ್ರಾಂಶವು ಅದನ್ನು ಸರಿಯಾಗಿ ಓದಲಾರದು. ಯೂನಿಕೋಡ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಓದಬಲ್ಲದು. ವಿಕಲಚೇತನರಿಗೆ ಶಿಕ್ಷಣ ಮತ್ತು ಮಾಹಿತಿ ಸುಲಭಗಮ್ಯವಾಗಿರಬೇಕೆಂಬುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಆಶಯ.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹಿಂಜರಿದು ಸುಮ್ಮನಾಗುವುದುಂಟು. ಪಾಠವು ಇಂಗ್ಲಿಷಿನಲ್ಲಿದ್ದರೂ ಸಂದೇಹಗಳನ್ನು ಕನ್ನಡದಲ್ಲಿ ಕೇಳಬಹುದೆಂದು ಬೋಧಕರು ತಿಳಿಸಿದರೆ ಪ್ರಶ್ನೆಗಳು ಬರತೊಡಗುತ್ತವೆ.

7. ಬೃಹತ್ ಕೋರ್ಸುಗಳು ಮತ್ತು ಬೋಧಕರ ಮಿತಿ

ಸಾವಿರಾರು ಮಂದಿ ನೋಂದಾಯಿಸಿಕೊಳ್ಳುವ ಮುಕ್ತ ಆನ್‌ಲೈನ್ ಕೋರ್ಸುಗಳಲ್ಲಿ ಬಹುಪಾಲು ಮಂದಿ ಕೊನೆಯವರೆಗೆ ಉಳಿಯುವುದಿಲ್ಲ. ಒಬ್ಬ ಬೋಧಕರು ಎಲ್ಲರಿಗೂ ಉತ್ತರಿಸುವುದು ಅಸಾಧ್ಯ. ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ವಾರದ ನಿಯೋಜಿತ ಕಾರ್ಯ, ಬೋಧನಾ ಸಹಾಯಕರ ನೆರವು ಮತ್ತು ಕಾಲೇಜುಗಳಲ್ಲಿನ ಸ್ಥಳೀಯ ಘಟಕಗಳ ಮೂಲಕ ಈ ಕೊರತೆಯನ್ನು ನೀಗಿಸುವ ವ್ಯವಸ್ಥೆ ಇದೆ. ಸ್ಥಳೀಯ ಘಟಕದ ಅಧ್ಯಾಪಕರು ಒಂದೇ ಕೋರ್ಸಿಗೆ ಸೇರಿದ ಹತ್ತು ವಿದ್ಯಾರ್ಥಿಗಳನ್ನು ವಾರಕ್ಕೊಮ್ಮೆ ಒಟ್ಟುಗೂಡಿಸಿದರೆ ಅದೇ ಒಂದು ತರಗತಿಯಾಗುತ್ತದೆ.

ಬೋಧಕರು ಹಗಲಿರುಳು ಲಭ್ಯರಿರಬೇಕೆಂಬ ನಿರೀಕ್ಷೆ ಸರಿಯಲ್ಲ. ರಾತ್ರಿ 11 ಗಂಟೆಗೆ ಬಂದ ಸಂದೇಶಕ್ಕೆ ಆಗಲೇ ಉತ್ತರಿಸುವ ಅಭ್ಯಾಸವು ಕೆಲವೇ ತಿಂಗಳಲ್ಲಿ ಬೋಧಕರನ್ನು ಬಳಲಿಸುತ್ತದೆ; ಬಳಲಿದ ಬೋಧಕರು ಕ್ರಮೇಣ ಮೌನವಾಗುತ್ತಾರೆ. ಕೆಲಸದ ದಿನಗಳಲ್ಲಿ 48 ಗಂಟೆಗಳೊಳಗೆ ಉತ್ತರ ಎಂಬಂತಹ ನಿಯಮವನ್ನು ಪ್ರಕಟಿಸಿ ಪಾಲಿಸುವುದು ಉಭಯತರರಿಗೂ ಹಿತ. ಪದೇ ಪದೇ ಬರುವ ಪ್ರಶ್ನೆಗಳಿಗೆ ಸಾಮಾನ್ಯ ಉತ್ತರಗಳ ಪುಟವನ್ನು ಸಿದ್ಧಪಡಿಸಿಟ್ಟರೆ ಉಳಿದ ಸಮಯವನ್ನು ವೈಯಕ್ತಿಕ ಸಂದೇಹಗಳಿಗೆ ಮೀಸಲಿಡಬಹುದು. ಸಂಸ್ಥೆಗಳು ಬೋಧಕರ ಕಾರ್ಯಭಾರವನ್ನು ಲೆಕ್ಕ ಹಾಕುವಾಗ ಈ ಸಮಯವನ್ನೂ ಸೇರಿಸಬೇಕು.

8. ನೋಂದಣಿಗೆ ಮುನ್ನ ಅಭ್ಯರ್ಥಿಗಳು ಪರಿಶೀಲಿಸಬೇಕಾದ ಅಂಶಗಳು

(1) ಪದವಿ ಕಾರ್ಯಕ್ರಮವಾಗಿದ್ದಲ್ಲಿ, ಸಂಸ್ಥೆಯು ಆ ಕಾರ್ಯಕ್ರಮವನ್ನು ಆನ್‌ಲೈನ್ ಮೂಲಕ ನಡೆಸಲು ಅರ್ಹವೇ ಎಂಬುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡತಕ್ಕದ್ದು.
(2) ಕೋರ್ಸಿನ ಬೋಧಕರ ಹೆಸರು ಮತ್ತು ವಿದ್ಯಾರ್ಹತೆಯನ್ನು ಪ್ರಕಟಿಸಲಾಗಿದೆಯೇ?
(3) ನೇರ ತರಗತಿಗಳ ವೇಳಾಪಟ್ಟಿ ಇದೆಯೇ? ತಪ್ಪಿಹೋದಲ್ಲಿ ಮುದ್ರಿತ ಪ್ರತಿ ದೊರೆಯುವುದೇ?
(4) ಸಂದೇಹಗಳಿಗೆ ಉತ್ತರ ನೀಡುವ ಅವಧಿಯನ್ನು ತಿಳಿಸಲಾಗಿದೆಯೇ?
(5) ನಿಯೋಜಿತ ಕಾರ್ಯಗಳಿಗೆ ಅಂಕಗಳ ಜೊತೆಗೆ ಟಿಪ್ಪಣಿಯೂ ದೊರೆಯುವುದೇ?
(6) ದೂರು ಸಲ್ಲಿಸಲು ಗೊತ್ತುಪಡಿಸಿದ ಅಧಿಕಾರಿ ಅಥವಾ ವ್ಯವಸ್ಥೆ ಇದೆಯೇ?

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವಯಂ ಕೋರ್ಸಿನ ಅಂಕಗಳನ್ನು ಕಾಲೇಜು ಪರಿಗಣಿಸುವುದೇ?
ಉತ್ತರ: 2021ರ ವಿನಿಯಮಗಳ ಪ್ರಕಾರ ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳ ಶೇಕಡ 40ರವರೆಗೆ ಸ್ವಯಂ ಮೂಲಕ ಪಡೆಯಲು ಅವಕಾಶವಿದೆ. ನೋಂದಣಿಗೆ ಮುನ್ನ ಸಂಬಂಧಿತ ಕಾಲೇಜು ಅಥವಾ ವಿಶ್ವವಿದ್ಯಾನಿಲಯದಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಬೋಧಕರಿಂದ ಉತ್ತರ ಬಾರದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಕೋರ್ಸಿನ ಹೆಸರು, ಪಾಠದ ಸಂಖ್ಯೆ ಮತ್ತು ಸಂದೇಹವನ್ನು ಸ್ಪಷ್ಟವಾಗಿ ಬರೆದು ಮತ್ತೊಮ್ಮೆ ಕಳುಹಿಸಬೇಕು. ಪ್ರಕಟಿತ ಅವಧಿ ಮೀರಿದಲ್ಲಿ ಕೋರ್ಸಿನ ಸಂಯೋಜಕರಿಗೆ, ನಂತರ ಸಂಸ್ಥೆಯ ಕುಂದುಕೊರತೆ ವಿಭಾಗಕ್ಕೆ ಲಿಖಿತವಾಗಿ ತಿಳಿಸಬಹುದು. ಕಳುಹಿಸಿದ ಸಂದೇಶಗಳ ಪ್ರತಿಯನ್ನು ಇಟ್ಟುಕೊಳ್ಳುವುದು ಒಳಿತು.

ಪ್ರಶ್ನೆ: ಹಲವು ವಾರಗಳ ಪಾಠ ತಪ್ಪಿಹೋಗಿದ್ದರೆ ಕೋರ್ಸನ್ನು ಬಿಡಬೇಕೇ?
ಉತ್ತರ: ಬಿಡುವ ಮುನ್ನ ಬೋಧಕರಿಗೆ ಅಥವಾ ಸಂಯೋಜಕರಿಗೆ ಒಂದು ಸಂದೇಶ ಕಳುಹಿಸತಕ್ಕದ್ದು. ಕೆಲವು ಕೋರ್ಸುಗಳಲ್ಲಿ ಎಲ್ಲ ನಿಯೋಜಿತ ಕಾರ್ಯಗಳ ಬದಲಿಗೆ ಹೆಚ್ಚು ಅಂಕ ಬಂದ ನಿರ್ದಿಷ್ಟ ಸಂಖ್ಯೆಯವುಗಳನ್ನು ಮಾತ್ರ ಪರಿಗಣಿಸಲಾಗುತ್ತದೆ. ತಪ್ಪಿಹೋದದ್ದನ್ನು ಸರಿದೂಗಿಸುವ ಅವಕಾಶ ಅನೇಕ ವೇಳೆ ವಿದ್ಯಾರ್ಥಿ ಊಹಿಸುವುದಕ್ಕಿಂತ ಹೆಚ್ಚಾಗಿರುತ್ತದೆ.

ಪ್ರಶ್ನೆ: ಕೋರ್ಸಿನ ಮೊಬೈಲ್ ಗುಂಪಿನಲ್ಲಿ ದೂರವಾಣಿ ಸಂಖ್ಯೆ ಎಲ್ಲರಿಗೂ ಕಾಣುವುದು ಸರಿಯೇ?
ಉತ್ತರ: ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಸಂಖ್ಯೆಯನ್ನು ಹಂಚುವುದು ಸೂಕ್ತವಲ್ಲ. ವಿಶೇಷವಾಗಿ ವಿದ್ಯಾರ್ಥಿನಿಯರ ವಿಷಯದಲ್ಲಿ, ಸಂಖ್ಯೆ ಪ್ರಕಟವಾಗದ ಕಲಿಕಾ ವೇದಿಕೆಯ ಸಂದೇಶ ಸೌಲಭ್ಯವನ್ನೇ ಬಳಸುವಂತೆ ಬೋಧಕರನ್ನು ಕೋರಬಹುದು.

ಪ್ರಶ್ನೆ: ಆನ್‌ಲೈನ್ ಕೋರ್ಸಿನಲ್ಲಿ ಪೋಷಕರ ಪಾತ್ರವೇನು?
ಉತ್ತರ: ದಿನದಲ್ಲಿ ಒಂದು ನಿಗದಿತ ಹೊತ್ತು ಫೋನು ಮತ್ತು ಶಾಂತವಾದ ಸ್ಥಳವನ್ನು ಒದಗಿಸುವುದೇ ಅತ್ಯುತ್ತಮ ನೆರವು. ಆ ವೇಳೆಯನ್ನು ಬೋಧಕರಿಗೂ ತಿಳಿಸಿದರೆ ಅವರ ಕರೆ ಮತ್ತು ಸಂದೇಶಗಳು ಸಕಾಲಕ್ಕೆ ವಿದ್ಯಾರ್ಥಿಯನ್ನು ತಲುಪುತ್ತವೆ.